ದನಿ ಕಳೆದುಕೊಂಡ ಕುಕ್ಕರು

ತಿಥಿಯ ಹೊತ್ತಿನಲ್ಲಿ ಅನ್ನದ ಕುಕ್ಕರು ಮಾತಾಡಬಾರದು. ಗಿಬೊಂಗನದು ಇದೊಂದೇ ಬೇಡಿಕೆ. ಹೋದ ವರ್ಷ ಅಪ್ಪನ ಎಡೆಯ ಮುಂದೆ ಮನೆಮಂದಿಯೆಲ್ಲ ನೆಲಕ್ಕೆ ಹಣೆ ಹಚ್ಚಿ, ಸತ್ತವರು ನೆಮ್ಮದಿಯಾಗಿ ಉಣ್ಣಲೆಂದು ಉಸಿರು ಬಿಗಿಹಿಡಿದಿದ್ದಾಗ, ಅಡುಗೆಮನೆಯಿಂದ ಆ ಕರೆಂಟಿನ ಕುಕ್ಕರಿನೊಳಗಿನ ಹೆಂಗಸಿನ ದನಿ ಮೊಳಗಿತ್ತು: "ಅನ್ನ ಸಿದ್ಧವಾಗಿದೆ. ಚೆನ್ನಾಗಿ ಕಲಸಿ." ಅಕ್ಕ ಕಿಸಕ್ಕೆಂದಿದ್ದಳು. ಹಿರಿಮಗನ ಮಾನ ಅಂದೇ ಹೋಗಿತ್ತು.

ಈ ವರ್ಷ ತಿಥಿ ಸಂಜೆ ಏಳಕ್ಕೆ. ಮಧ್ಯಾಹ್ನ ಮೂರಕ್ಕೇ ಕುಕ್ಕರಿನ ಹೊಟ್ಟೆ ಬಿಚ್ಚಿ ಕೂತ.

"ರೀ, ಇಲ್ಲಿ ಕೊಡಿ," ಎಂದಳು ಮೀನಿನ ಹೋಳು ಕರಿಯುತ್ತಿದ್ದ ಹೆಂಡತಿ ಓಕ್‌ಬುನ್. ಇಂಚೆಯಾನ್ ನಗರದ ರೇಡಿಯೊ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಬೆಸುಗೆ ಹಾಕಿದ ಕೈ ಅವಳದು. ಗಿಬೊಂಗ್ ಅಲ್ಲಿನ ಕಾರ್ಮಿಕ ಸಂಘದ ಮುಖಂಡ. ಬೆಸುಗೆಯ ಸುರಕ್ಷತೆಯ ಬಗ್ಗೆ ಕರಪತ್ರ ಬರೆದವನು, ಸೋಲ್ಡರಿಂಗ್ ಐರನ್ ಹಿಡಿದವನಲ್ಲ.

"ನಿಯಮ ಬರೆದೋನೇ ನಾನು ಕಣೇ. ಪ್ಲಗ್ಗು ಕೀಳು. ಕಿಟಕಿ ತೆಗಿ. ಕನ್ನಡಕ ಹಾಕ್ಕೋ. ಕೈ ತೊಳೀದೆ ಉಣ್ಣಬೇಡ."

"ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕಬೇಡ ಅಂತ ಬರೀಲಿಲ್ವಾ?"

"ಅದು ಮಾಲೀಕರ ಮಾತು."

ಎಲ್ಲ ನಿಯಮ ಪಾಲಿಸಿ (ಕೈ ತೊಳೆಯುವುದೊಂದೇ ಬಾಕಿ), ಆ ದನಿಯ ಸ್ಪೀಕರನ್ನು ಬಿಡಿಸಲೆಂದು, ಒಳಗಿನ ಬೋರ್ಡಿಗೆ ಅದರ ತಂತಿ ಅಂಟಿದ ಕಡೆ ಐರನ್ನಿನ ಕಾದ ಮೊನೆ ಒತ್ತಿದ. ಬೇಕಾದ್ದಕ್ಕಿಂತ ನಾಲ್ಕು ಪಟ್ಟು ಹೊತ್ತು ಒತ್ತಿದ. ಆಗ ಪ್ಲಗ್ಗು ಕಿತ್ತ ಕುಕ್ಕರು ಬಾಯಿಬಿಟ್ಟಿತು: "ಅಡುಗೆ ಆರಂಭ..."

ಗಡಿಯಾರಕ್ಕೆಂದು ಒಳಗೊಂದು ಪುಟ್ಟ ಬ್ಯಾಟರಿ ಇರುವ ವಿಷಯ ಕರಪತ್ರದಲ್ಲಿ ಇರಲಿಲ್ಲ. ಗಿಬೊಂಗ್ ಬೆಚ್ಚಿ ಕೈ ಎಳೆದ. ಸ್ಪೀಕರಿನ ತಂತಿಯ ಜೊತೆ ಅದರಡಿಯ ತಾಮ್ರವೂ ಸಿಪ್ಪೆಯಂತೆ ಎದ್ದು ಬಂತು. ಕರಗಿದ ಸೀಸದ ಹನಿ ಪಕ್ಕದ ಎರಡು ತಾಮ್ರದ ಗೆರೆಗಳನ್ನು ಗಂಟುಹಾಕಿತು. ಕುಕ್ಕರಿನ ಗಡಿಯಾರದ ದೀಪ ಆರಿತು.

ಎಡೆಗೆ ಅನ್ನವೇ ಇಲ್ಲದ ತಿಥಿ. ಅಕ್ಕ ಆರಕ್ಕೆ ಬರುತ್ತಾಳೆ.

"ಸರಿ ಮಾಡ್ತೀಯೇನೇ?" ಎಂದ, ಕನ್ನಡಕ ತೆಗೆದು.

ಓಕ್‌ಬುನ್ ಬಗ್ಗಿ ನೋಡಿದಳು. "ಅನ್ನ ಬೇಯೋ ಹಾಗೆ ಮಾಡಬಹುದು. ಮಾತಾಡೋಳ ಕಥೆ ಮುಗೀತು. ನೋಟಿಸಿಲ್ದೆ ಒಬ್ಬ ಹೆಣ್ಣಾಳನ್ನ ಕೆಲಸದಿಂದ ತೆಗೆದ್ರಿ. ಅವಳ ಕೆಲಸ ಯಾರು ಮಾಡೋದು?"

ಮುಖಂಡ ಕನ್ನಡಕ ಒರೆಸತೊಡಗಿದ.

"ನೀವೇ. ಅದೇ ಮಾತು, ಅದೇ ಹೊತ್ತಿಗೆ. ಒಪ್ಪಿದ್ರೆ ಐರನ್ ಕೊಡಿ."

"ತಿಥಿ ನಡುವೆ ಬಂದ್ರೆ?"

"ಶಿಫ್ಟು ಅಂದ್ರೆ ಶಿಫ್ಟು."

ಐರನ್ ಕೈ ಬದಲಾಯಿಸಿತು. ಅವಳು ಮೊದಲು ಬ್ಯಾಟರಿ ಕಿತ್ತಳು, ಹೆಣೆದ ತಾಮ್ರದ ತಂತಿಯನ್ನು ಕಾಯಿಸಿ ಒತ್ತಿ ಆ ಸೀಸದ ಹನಿಯನ್ನು ಹೀರಿಸಿದಳು, ಮೂರೇ ನಿಮಿಷದಲ್ಲಿ ಮೀನಿನ ಬಾಣಲೆಗೆ ಮರಳಿದಳು.

ಏಳಕ್ಕೆ ಅಪ್ಪನಿಗೆ ಅನ್ನ ಇಟ್ಟಾಯಿತು. ನೆಂಟರಿಗೆಂದು ಎರಡನೇ ಸಲ ಇಟ್ಟ ಅನ್ನ ಒಳಗೆ ಕುಕ್ಕರಿನಲ್ಲಿ ಬೇಯುತ್ತಿತ್ತು. ಎಲ್ಲರ ಹಣೆ ನೆಲ ಮುಟ್ಟಿತು. ಅಡುಗೆಮನೆಯಲ್ಲಿ ಕುಕ್ಕರು ಬುಸ್ಸೆಂದು ಹಬೆ ಬಿಟ್ಟು ಸುಮ್ಮನಾಯಿತು.

ಓಕ್‌ಬುನಳ ಮೊಣಕೈ ಅವನ ಪಕ್ಕೆಗೆ ತಿವಿಯಿತು.

ಇಪ್ಪತ್ತು ವರ್ಷ ಮಾಲೀಕರಿಂದ ಒಪ್ಪಂದದ ಪಾಲನೆ ಮಾಡಿಸಿದವನು ಮುಖ ಚಾಪೆಗೆ ಒತ್ತಿಯೇ ಹೇಳಿದ: "ಅನ್ನ ಸಿದ್ಧವಾಗಿದೆ. ಚೆನ್ನಾಗಿ ಕಲಸಿ."

ಅಕ್ಕ ತಲೆ ಎತ್ತಲಿಲ್ಲ. "ಹೋದ ವರ್ಷದವಳ ದನಿ ಚೆನ್ನಾಗಿತ್ತಪ್ಪ," ಎಂದಳು.