ಗಣಪತಿಯ ಹಿಂದಿನ ಚಕ್ರ

ರಿಪೇರಿ ಮಾಡುವವರಲ್ಲಿ ಎರಡು ಜಾತಿ. ಕೆಲಸ ಬಲ್ಲವರು ಒಂದು. ಎಂದೋ ಹೇಗೋ ಒಂದು ವಸ್ತು ಸರಿಹೋದದ್ದರಿಂದ ತಮಗೆ ಕೆಲಸ ಬರುತ್ತದೆಂದು ನಂಬಿಕೊಂಡವರು ಇನ್ನೊಂದು. ನಾನು ಎರಡನೆಯವನು. ರಾಯಚೂರಿನ ಹತ್ತಿ ಗಿರಣಿಯಲ್ಲಿ ಗುಮಾಸ್ತನಾದರೂ ಮನೆಯಲ್ಲಿ ಎಂಜಿನಿಯರನಾಗಿಯೇ ಬಾಳಿದೆ. ನಾನು ಬಿಚ್ಚಿದ ಗಡಿಯಾರ ಮತ್ತೆ ಗಂಟೆ ಹೊಡೆದದ್ದಿಲ್ಲ. ದೇವದುರ್ಗದಲ್ಲಿ ನಮ್ಮಪ್ಪ, ನನ್ನ ಕೈಯಲ್ಲಿ ಸ್ಕ್ರೂಡ್ರೈವರ್ ಕಂಡರೆ ಸಾಕು, ರೇಡಿಯೋ ಬಗಲಲ್ಲಿ ಇಟ್ಟುಕೊಂಡು ಕಟ್ಟೆಗೆ ಹೋಗಿಬಿಡುತ್ತಿದ್ದ. ಆದರೂ ಒಂದು ವಿಷಯದಲ್ಲಿ ನಾನು ಯಾರಿಗೂ ಸೋತವನಲ್ಲ. ಅದು ನಮ್ಮ ಗಣಪತಿಯ ಹಿಂದೆ ತಿರುಗುವ ಚಕ್ರ.

ಹಳೆಯ ಟೇಬಲ್ ಫ್ಯಾನಿನ ಮೋಟರು, ಸೈಕಲ್ಲಿನ ಗಾಲಿ, ನಡುವೆ ಹೊಲಿಗೆ ಯಂತ್ರದ ಬೆಲ್ಟು. ಗಾಲಿಗೆ ಬೇಗಡೆ ಹಾಳೆ ಅಂಟಿಸಿದ್ದು ನನ್ನ ಹೆಂಡತಿ ಶರಣವ್ವ. ಪ್ರತಿವರ್ಷ ಚೌತಿಯ ಹಿಂದಿನ ದಿನ ಅದನ್ನು ಅಟ್ಟದಿಂದ ಇಳಿಸಿ, ಬಿಚ್ಚಿ, ಎಣ್ಣೆ ಬಿಟ್ಟು, ಕಟ್ಟುತ್ತಿದ್ದೆ. ಹಬ್ಬದ ದಿನ ಸ್ವಿಚ್ ಒತ್ತಿದರೆ ಗುಂಯ್ ಅನ್ನುತ್ತಿತ್ತು. ನಾನು ಓಣಿಯವರನ್ನು ಕರೆಯಲು ಬಾಗಿಲಿಗೆ ಹೋಗಿ ಬರುವಷ್ಟರಲ್ಲಿ ತಿರುಗುತ್ತಿತ್ತು. "ನೀವು ಕೈ ಹಚ್ಚಿದ್ರ ತಿರುಗ್ತದ ನೋಡ್ರಿ," ಎಂದು ಶರಣವ್ವ ಎಲ್ಲರ ಮುಂದೆ ಹೇಳುತ್ತಿದ್ದಳು. ಮಾನ್ವಿಯ ಕಡೆಯವಳು, ಹೊಗಳಿಕೆ ಅವಳ ಬಾಯಿಂದ ಸುಲಭಕ್ಕೆ ಬೀಳುವಂಥದ್ದಲ್ಲ. ನನ್ನ ಪಾಲಿಗೆ ಬಿದ್ದದ್ದು ಅದೊಂದೇ.

ಈ ಬೇಸಿಗೆಯಲ್ಲಿ ಅವಳು ತೀರಿಕೊಂಡಳು. ವರ್ಷ ತುಂಬುವ ತನಕ ಮನೆಯಲ್ಲಿ ಗಣಪತಿ ಕೂಡಿಸುವಂತಿಲ್ಲ. ಓಣಿಯ ಹಿರಿಯ ಬಸಣ್ಣ ಬಂದು, "ಚಕ್ರ ಓಣಿ ಗಣಪತಿಗಾದ್ರೂ ಕೊಡ್ರಿ. ತಿರುಗಂಗಿಲ್ಲ ಅಂದ್ರ ಹೇಳ್ರಿ, ಲೈಟಿನ ಸರ ತರ್ತೀವಿ," ಎಂದ. ತಿರುಗುವುದಿಲ್ಲವೇ? ಅವಳು ಹೊಗಳಿದ ಏಕೈಕ ವಸ್ತುವಿಗೆ ಲೈಟಿನ ಸರ ಬದಲಿಯೇ? ಅಂಗಳದಲ್ಲಿ ಬಿಚ್ಚಿ ಕೂತೆ. ಎಣ್ಣೆ ಬಿಟ್ಟೆ. ಬೆಲ್ಟು ಬಿಗಿ ಮಾಡಿದೆ, ಸಡಿಲ ಮಾಡಿದೆ. ಗುಂಯ್ ಅನ್ನುತ್ತದೆ, ಅಲುಗುವುದಿಲ್ಲ. ಮತ್ತೆ ಎಣ್ಣೆ. ಕೊನೆಗೆ ನನ್ನ ಪಂಚೆಯಲ್ಲಿ ಮಿರ್ಚಿ ಕರಿಯಬಹುದಿತ್ತು.

ಪಕ್ಕದ ಮನೆಯ ಖಾಜಾಬೀ ಗೋಡೆಯಾಚೆಯಿಂದ ನೋಡಿ ನೋಡಿ ಬೇಸತ್ತಳು.

"ಭೈಯಾ, ಅದಕ್ಕ ಎಣ್ಣಿ ಯಾಕ ಕುಡಸಾಕತ್ತೀರಿ? ಒಂದು ಬೆರಳು ಹಚ್ಚಿ ದೂಡ್ರಿ."

"ಇದು ಮೋಟರ್ ಅದ ಖಾಜಾಬೀ, ತೊಟ್ಟಿಲಲ್ಲ."

"ಶರಣಕ್ಕ ದೂಡ್ತಿದ್ಲಲ್ರೀ, ಪ್ರತಿವರ್ಷ! ಹೂ ಇಡೋ ನೆಪದಾಗ ಹಿಂದ ಹೋಗಿ..." ಎಂದವಳು ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಮೆಲ್ಲಗೆ, "ಅವರಿಗೆ ಹೇಳಬ್ಯಾಡ ಬೇ, ಆ ಒಂದಿನ ಖುಷಿ ಇರ್ತಾರ ಅಂದಿದ್ಲು," ಎಂದಳು.

ದೂಡಿದೆ. ತಿರುಗಿತು.

"ಹಿಂಗ ತಿರುಗ್ತಿತ್ತೋ, ಹಂಗೋ?" ಎಂದಳು ಖಾಜಾಬೀ. ನಿಲ್ಲಿಸಿ ಆಚೆಗೆ ದೂಡಿದೆ. ಆಚೆಗೂ ತಿರುಗಿತು. ಎಡಕ್ಕೋ ಬಲಕ್ಕೋ, ನೆನಪೇ ಆಗಲಿಲ್ಲ. ಅಷ್ಟು ವರ್ಷ ನಾನು ನೋಡಿದ್ದು ಚಕ್ರವನ್ನಲ್ಲ, ಚಕ್ರ ನೋಡಿ ನನ್ನನ್ನು ಮೆಚ್ಚುವವರ ಮುಖಗಳನ್ನು. ಅವಳ ಬೆರಳಿಗೆ ಮಾತ್ರ ಗೊತ್ತಿತ್ತು. ಎಣ್ಣೆಗೈಯಲ್ಲೇ ಕಣ್ಣು ಒರೆಸಿಕೊಂಡು, ಕಣ್ಣು ಇನ್ನಷ್ಟು ಉರಿಸಿಕೊಂಡೆ.

ಈಗ ಚಕ್ರ ಓಣಿಯ ಚಪ್ಪರದಲ್ಲಿದೆ. ನಮ್ಮೂರ ಕರೆಂಟಿನ ಗುಣ ನಿಮಗೆ ಗೊತ್ತೇ ಇದೆ. ಹೋಗಿ ಬಂದಾಗಲೆಲ್ಲ ಮೋಟರು ಗುಂಯ್ ಅನ್ನುತ್ತ ಕಾಯುತ್ತದೆ. ನಾನು ಕಣಗಿಲ ಹೂವೊಂದನ್ನು ಹಿಡಿದು ಮೂರ್ತಿಯ ಹಿಂದೆ ಹೋಗಿ ಬರುತ್ತೇನೆ. "ವರ್ಷ ತುಂಬಿಲ್ಲ, ಹೂ ಇಡಬಹುದೇನು?" ಎಂದು ಯಾರೋ ಗೊಣಗಿದರೆ ಬಸಣ್ಣ, "ಇರಲಿ ಬಿಡಲೇ, ಹೆಂಡ್ತಿ ಹೋದ ಮ್ಯಾಲಾದ್ರೂ ಭಕ್ತಿ ಬಂದದ," ಎಂದ. ಚಕ್ರ ತಿರುಗಿದ್ದು ಕಂಡು, "ಏನು ಕೈಗುಣರೀ ನಿಮ್ಮದು!" ಎಂದೂ ಅಂದ.

ಮನೆಗೆ ಬಂದು, ಅಭ್ಯಾಸಬಲದಿಂದ, ಒಲೆಯ ಕಡೆ ಮುಖ ಮಾಡಿ ಹೇಳಿದೆ: "ನೋಡಿದ್ಯಾ, ನಾ ಕೈ ಹಚ್ಚಿದ್ರ ತಿರುಗ್ತದ." ಆ ಮಾತು ಸುಳ್ಳಾಗಿದ್ದ ವರ್ಷಗಳಲ್ಲೆಲ್ಲ ಹೌದೆನ್ನಲು ಅವಳಿದ್ದಳು. ಈಗ ಅದು ನಿಜ.

ಅಷ್ಟರಲ್ಲಿ ಕರೆಂಟು ಹೋಯಿತು. ಹೂ ಕೀಳಲು ಎದ್ದೆ.