ಆಂಟೆನಾ ಹಿಡಿದ ವಿಜಯಲಕ್ಷ್ಮಿ

ಮೂರನೆಯ ರೊಟ್ಟಿಯನ್ನು ಹೆಂಚಿಗೆ ಹಾಕಿ ಮೇಲೆ ನೀರು ಸವರುತ್ತಿದ್ದಾಗ ವಿಜಯಲಕ್ಷ್ಮಿಯ ಮೊಬೈಲು ಹೊಡೆದುಕೊಂಡಿತು. ಹಿಟ್ಟಿನ ಕೈಯಲ್ಲೇ ಎತ್ತಿ ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡಳು.

“ವಿಜಿ, ಇವತ್ತ ಸಂಜೀಕ ಟೀವಿ ನೋಡು. ನಾ ಬರಾಕತ್ತೇನಿ. ಲೈವ್!” ಗಂಡ ಸಿದ್ದಾರೂಢನ ದನಿಯಲ್ಲಿ ಮದುಮಗನ ಉಬ್ಬು.

“ಏನ್ ಕೇಳ್ತಾರಂತ್ರೀ?”

“ಕಂಪ್ಯೂಟರ್ ಕಳ್ಳರಿಂದ ಪಾರಾಗೂದು ಹ್ಯಾಂಗ ಅಂತ. ಮೊದಲ ನನ್ನ ಜೈಲಿನ ಕಥಿ, ಆಮ್ಯಾಲೆ...”

“ಜೈಲಿಂದ್ಯಾಕ ಹೇಳ್ತೀರಿ?”

“ಅದಿಲ್ಲಂದ್ರ ನನ್ನ ಯಾರ್ ಕರೀತಾರ? ಒಳಗ ಕರೀಲಿಕತ್ತಾರ, ಇಡ್ತೀನಿ.”

ಯಾವ ಚಾನೆಲ್ಲು ಎಂದು ಕೇಳುವಷ್ಟರಲ್ಲಿ ಫೋನು ಸತ್ತಿತ್ತು. ರೊಟ್ಟಿ ಕರಕಾಗಿತ್ತು.

ಐದು ವರ್ಷದ ಹಿಂದೆ ಸಿದ್ದಾರೂಢ ಬಿಟಿಎಂ ಲೇಔಟಿನ ಒಂದು ಸೈಬರ್ ಕೆಫೆಯಲ್ಲಿ ಕೂತು, ಕಂಡವರ ಪಾಸ್‌ವರ್ಡ್ ಕದ್ದು, ಅವರು ಕೊಂಡಿದ್ದ ಇಂಟರ್ನೆಟ್ಟಿನ ಗಂಟೆಗಳನ್ನು ಗೆಳೆಯರಿಗೆಲ್ಲ ಪ್ರಸಾದದಂತೆ ಹಂಚಿದ್ದ. ಕೇಸಾಯಿತು, ಶಿಕ್ಷೆಯೂ ಆಯಿತು. ಪರಪ್ಪನ ಅಗ್ರಹಾರದಲ್ಲಿ ಒಂದು ಮಳೆಗಾಲ, ಒಂದು ಚಳಿಗಾಲ ಕಳೆದು ಬಂದ. ಬಂದ ಮೇಲೆ ದೊಡ್ಡ ದೊಡ್ಡ ಕಂಪನಿಗಳೇ ಅವನನ್ನು ಕರೆದು ಕೂರಿಸಿ, ‘ನಮ್ಮಲ್ಲಿ ಎಲ್ಲೆಲ್ಲಿ ತೂತಿದೆ ನೋಡಿ ಹೇಳು’ ಎಂದವು. ಹೀಗೆ ಅವನಿಗೆ ಜೈಲು ಒಂದು ಡಿಗ್ರಿಯಾಯಿತು. ವಿಜಯಲಕ್ಷ್ಮಿಗೆ ಮಾತ್ರ ಅದರಿಂದ ಎರಡು ಬಾಡಿಗೆ ಮನೆಗಳು ಹೋಗಿದ್ದವು. ಓನರಿಗೆ ವಿಷಯ ಗೊತ್ತಾದ ವಾರದಲ್ಲೇ ಪಾತ್ರೆಗಳು ಗೋಣಿಚೀಲ ಸೇರುತ್ತಿದ್ದವು.

ಇದು ಮೂರನೆಯ ಮನೆ. ಅಡುಗೆಮನೆಗೆ ಒಂದು ಕಿಟಕಿಯಿತ್ತು. ಆ ಕಿಟಕಿಗಾಗಿ ಅವಳು ಏನು ಬೇಕಾದರೂ ಮಾಡಲು ಸಿದ್ಧಳಿದ್ದಳು. ಕೆಳಗೆ ಓನರ್ ಕರಿಬಸವಯ್ಯನವರು, ಹೆಂಡತಿ ಜಯದೇವಿ, ಮಗ ಚಿದಾನಂದ್, ಸೊಸೆ ಜ್ಯೋತ್ಸ್ನಾ. ‘ಮರ್ಯಾದಸ್ಥರಿಗೆ ಮಾತ್ರ ಮನೆ’ ಎನ್ನುವ ಕರಿಬಸವಯ್ಯನವರಿಗೆ, ಜೈಲಿನ ಆ ತಿಂಗಳುಗಳಲ್ಲಿ ಗಂಡ ದುಬೈಯಲ್ಲಿದ್ದ ಎಂದು ಅವಳು ಹೇಳಿದ್ದಳು.

“ಊಟ ಹೇಗಿತ್ತಂತಮ್ಮಾ ಅಲ್ಲಿ?” ಎಂದು ಜಯದೇವಿ ಒಮ್ಮೆ ಕೇಳಿದ್ದರು.

“ಹೊತ್ತಿಗೆ ಸರಿಯಾಗಿ ಕೊಡ್ತಿದ್ರಂತ್ರೀ ಆಂಟಿ.”

“ಸುತ್ತಾಡೋಕೆ ಬಿಡ್ತಿದ್ರಾ?”

“ಕಾಂಪೌಂಡಿನ ಒಳಗಷ್ಟ ಅಂತ್ರೀ.”

“ಪಾಪ, ದುಬೈನೋರು ಭಾಳ ಸ್ಟ್ರಿಕ್ಟು,” ಎಂದು ಜಯದೇವಿ ನಿಟ್ಟುಸಿರು ಬಿಟ್ಟಿದ್ದರು.

ವಿಜಯಲಕ್ಷ್ಮಿ ಒಲೆ ಆರಿಸಿ, ಬಟ್ಟೆ ತರುವ ನೆಪದಲ್ಲಿ ತಾರಸಿಗೆ ಹೋದಳು. ನೀರಿನ ಟ್ಯಾಂಕಿನ ಪಕ್ಕ ಕೇಬಲ್ಲಿನ ಡಬ್ಬಿಯಿತ್ತು. ಯಾವ ಚಾನೆಲ್ಲಾದರೇನು, ತಾಯಿಬೇರನ್ನೇ ಕಿತ್ತರೆ ಆಯಿತಲ್ಲ! ಅತ್ತಿತ್ತ ನೋಡಿ, ಕಪ್ಪು ವೈರನ್ನು ಮೆಲ್ಲಗೆ ಎಳೆದಳು. ಬರಲಿಲ್ಲ. ಗೋಡೆಗೆ ಕಾಲು ಕೊಟ್ಟು ಜಗ್ಗಿದಳು. ವೈರು, ಡಬ್ಬಿ, ಡಬ್ಬಿಯ ಹಿಂದಿನ ಗಾರೆ ಎಲ್ಲವೂ ಒಟ್ಟಿಗೆ ಅವಳ ಮಡಿಲಿಗೆ ಬಂದವು.

ಮರುಕ್ಷಣವೇ ಕೆಳಗಿನಿಂದ ಜಯದೇವಿಯ ಕೂಗು. “ಅಯ್ಯಯ್ಯೋ, ಈಗ ತಾಳಿ ಕಟ್ಟೋದಿತ್ತು ಕಣ್ರೀ! ಹೋಯ್ತು!” ಪಕ್ಕದ ಮನೆಯಿಂದ ಇನ್ನೊಂದು ಕೂಗು. ಎದುರು ಮನೆಯಿಂದ ಮತ್ತೊಂದು. ಆ ಡಬ್ಬಿಯಿಂದಲೇ ಅರ್ಧ ರಸ್ತೆಗೆ ಧಾರಾವಾಹಿ ಹರಿಯುತ್ತಿತ್ತೆಂದು ಅವಳಿಗೇನು ಗೊತ್ತು?

ಕೇಬಲ್ ಕೊಟ್ರಪ್ಪ ಎಂದೂ ಕರೆದ ದಿನ ಬಂದವನಲ್ಲ. ಇವತ್ತು ಬೆಂಕಿ ಆರಿಸುವವನಂತೆ ಓಡಿಬಂದ. ಹಿಂದೆಯೇ ತಾರಸಿ ಹತ್ತಿ ಬಂದ ಕರಿಬಸವಯ್ಯನವರ ಮುಂದೆ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದ. “ಇದು ಮನುಷ್ಯರ ಕೆಲಸ ಅಲ್ಲ ಸಾರ್. ಕೋತಿ.”

“ಹೌದ್ರೀ, ನಾನೂ ನೋಡಿದೆ. ಇಷ್ಟು ದೊಡ್ಡದು,” ಎಂದು ವಿಜಯಲಕ್ಷ್ಮಿ ತನ್ನ ಎದೆಯ ಎತ್ತರಕ್ಕೆ ಕೈ ತೋರಿಸಿದಳು.

“ಅಷ್ಟು ದೊಡ್ಡದಾ?” ಕೊಟ್ರಪ್ಪ ಒಂದು ಹೆಜ್ಜೆ ಹಿಂದೆ ಸರಿದ. “ನೋಡಿ ಸಾರ್, ಹೊಸ ಡಬ್ಬಿನೇ ಹಾಕ್ಬೇಕು. ನಾಳೆ ಬರ್ತೀನಿ.”

ಅವಳ ಜೀವ ತಣ್ಣಗಾಯಿತು. ನಾಳೆ ಬಂದರೆ ಬರಲಿ, ಮುಂದಿನ ವರ್ಷ ಬಂದರೂ ಆಗಬಹುದು.

ಆದರೆ ಕರಿಬಸವಯ್ಯನವರು ಹಾಗೆಲ್ಲ ಸೋಲುವವರಲ್ಲ. ಅಟ್ಟಕ್ಕೆ ಏಣಿ ಹಾಕಿ ಹಳೆಯ ಆಂಟೆನಾ ಒಂದನ್ನು ಇಳಿಸಿದರು. ದೊಡ್ಡ ಮೀನೊಂದನ್ನು ತಿಂದು ಬಿಟ್ಟ ಮುಳ್ಳಿನಂತಿತ್ತು ಅದು. “ಕೇಬಲ್ ಬರೋಕ್ಮುಂಚೆ ನಾವು ಟೀವಿ ನೋಡ್ತಿರ್ಲಿಲ್ವಾ? ದೂರದರ್ಶನ ಆದ್ರೂ ಬರುತ್ತೆ. ವಿಜಯಾ, ನೀನು ಮೇಲೆ ಹಿಡ್ಕೊಂಡು ನಿಲ್ಲಮ್ಮಾ. ನನಗೆ ಸೊಂಟ ನೋವು.”

ಇರಲಿ, ದೂರದರ್ಶನವನ್ನು ಈಗ ಯಾರು ನೋಡುತ್ತಾರೆ, ಗಂಡ ಅಲ್ಲಿಗೆ ಯಾಕೆ ಹೋಗುತ್ತಾನೆ ಎಂದುಕೊಂಡು ಅವಳು ಆಂಟೆನಾ ಹಿಡಿದು ತಾರಸಿಯಲ್ಲಿ ನಿಂತಳು. ಆದರೂ ಮನಸ್ಸು ತಡೆಯದೆ ಅದರ ಮೂತಿಯನ್ನು ಟೀವಿ ಟವರಿಗೆ ಬೆನ್ನಾಗುವಂತೆ ಬೇಗೂರಿನ ಕಡೆ ತಿರುಗಿಸಿಟ್ಟಳು.

“ಬಂತಾ?”

“ಇಲ್ಲ, ಬರೀ ಹುಳ! ಈ ಕಡೆ ತಿರುಗಿಸು... ಇನ್ನೂ... ಅಯ್ಯೋ, ಹೋಯ್ತು!”

ಟೀವಿ ಸತ್ತಿದ್ದ ಮನೆಗಳವರೆಲ್ಲ ಒಬ್ಬೊಬ್ಬರಾಗಿ ಕರಿಬಸವಯ್ಯನವರ ಹಾಲಿಗೆ ನುಗ್ಗುತ್ತಿದ್ದುದು ಮೇಲಿನಿಂದ ಕಾಣುತ್ತಿತ್ತು. ವಿಜಯಲಕ್ಷ್ಮಿಯ ತೋಳು ಸೋತು, ಆಂಟೆನಾ ಒಂದು ಕಡೆ ವಾಲಿ ಅವಳ ಭುಜಕ್ಕೆ ಒರಗಿತು.

“ಹಾಂ! ಅಲ್ಲಾಡ್ಬೇಡ! ಹಾಗೇ ನಿಲ್ಲು, ಸಖತ್ತಾಗಿ ಬರ್ತಿದೆ!” ಕೆಳಗಿನಿಂದ ಚಪ್ಪಾಳೆ. ಅದರ ಹಿಂದೆಯೇ ಜಯದೇವಿಯ ದನಿ. “ರೀ, ಇವ್ನು ನಮ್ಮ ಸಿದ್ದಾರೂಢ ಅಲ್ವಾ?”

ವಿಜಯಲಕ್ಷ್ಮಿಗೆ ಮೈಯೆಲ್ಲ ಕರೆಂಟು ಹರಿದಂತಾಯಿತು. ಆಂಟೆನಾ ಕೈಬಿಟ್ಟಳು. ಕೆಳಗೆ ಗದ್ದಲವೆದ್ದಿತು. “ಬಿಡ್ಬೇಡ ವಿಜಯಾ! ನಿನ್ನ ಯಜಮಾನ್ರು ಕಣೇ!” ಅವಳ ಕಷ್ಟ ನೋಡಿ ಜ್ಯೋತ್ಸ್ನಾ ಮೆಟ್ಟಿಲು ಹಾರಿ ಬಂದು, ಪಾಪ, ಸಹಾಯ ಮಾಡುತ್ತಿದ್ದೇನೆಂದೇ ತಿಳಿದು, ಆಂಟೆನಾವನ್ನು ಎತ್ತಿ ಮತ್ತೆ ಅವಳ ಭುಜಕ್ಕೇ ಒರಗಿಸಿದಳು. “ಅಕ್ಕ, ನಿಮ್ಮ ಮೈಗೆ ತಾಗಿದ್ರೇನೇ ಪಿಕ್ಚರ್ ಬರೋದು. ನಾನೂ ಹಿಡ್ಕೋತೀನಿ.”

ಹೀಗೆ ವಿಜಯಲಕ್ಷ್ಮಿ ಶಿಲುಬೆ ಹೊತ್ತವಳಂತೆ ನಿಂತು, ತನ್ನ ಗಂಡ ಪರಪ್ಪನ ಅಗ್ರಹಾರದಲ್ಲಿ ಉಂಡದ್ದು, ಮಲಗಿದ್ದು, ಎಲ್ಲವನ್ನೂ ಅರ್ಧ ರಸ್ತೆಗೆ ಸ್ವತಃ ಪ್ರಸಾರ ಮಾಡಿದಳು.

ಮುಗಿದ ಮೇಲೆ ಕೆಳಗಿನ ಹಾಲಿಗೆ ಇಳಿದು ಬಂದಳು. “ದುಬೈ ಅಂದಿದ್ರಲ್ಲಮ್ಮಾ,” ಎಂದರು ಕರಿಬಸವಯ್ಯನವರು, ಅಷ್ಟೆ. ಅವಳು ಮನಸ್ಸಿನಲ್ಲೇ ಗೋಣಿಚೀಲಗಳನ್ನು ಹುಡುಕತೊಡಗಿದಳು.

ಒಂದು ಗಂಟೆಯ ಮೇಲೆ, ಅಕ್ಕಪಕ್ಕದವರು ಇನ್ನೂ ಹಾಲಿನಲ್ಲಿ ಅದೇ ಮಾತಾಡುತ್ತಿರುವಾಗ, ಸಿದ್ದಾರೂಢನೇ ಆಟೋ ಇಳಿದು ಬಂದ. ಹೆಗಲ ಮೇಲೆ ಶಾಲು, ಕೈಯಲ್ಲಿ ಹಣ್ಣಿನ ಬುಟ್ಟಿ. ಕರಿಬಸವಯ್ಯನವರು ಎದ್ದು ನಿಂತರು. ಬೈಯಲಿಲ್ಲ. ಅವನ ಕೈ ಹಿಡಿದು ತಮ್ಮ ಬೆತ್ತದ ಕುರ್ಚಿಯಲ್ಲೇ ಕೂರಿಸಿದರು. ಅಕ್ಕಪಕ್ಕದವರನ್ನು ಸಾಗಹಾಕಿ ಬಾಗಿಲು ಮುಚ್ಚಿದರು. ಜಯದೇವಿ ಕಾಫಿ ತಂದರು. ವಿಜಯಲಕ್ಷ್ಮಿ ಬೆರಗಾಗಿ ಗೋಡೆಗೆ ಒರಗಿ ನಿಂತಳು.

“ಎಂಥಾ ತಲೆ ಸಾರ್ ನಿಮ್ದು! ಗೊತ್ತೇ ಇರ್ಲಿಲ್ಲ,” ಎಂದು ಕರಿಬಸವಯ್ಯನವರು ದನಿ ತಗ್ಗಿಸಿದರು. “ಒಂದು ಸಣ್ಣ ಸಹಾಯ ಆಗ್ಬೇಕು. ನಮ್ಮ ಸೊಸೆ ಹೊತ್ತಿಲ್ಲ ಗೊತ್ತಿಲ್ಲ, ಕಂಪ್ಯೂಟರ್ ಮುಂದೆ ಕೂತು ಯಾರಿಗೋ ಮೇಲ್ ಬರೀತಾಳೆ. ಯಾರಿಗೆ, ಏನು ಅಂತ ಸ್ವಲ್ಪ ತೆಗ್ದು ತೋರ್ಸಿ. ನಿಮಗೆ ಎರಡು ನಿಮಿಷದ ಕೆಲ್ಸ.”

“ಅಂಕಲ್, ಅದನ್ನ ಮಾಡೇ ನಾನು ಒಳಗ ಹೋಗಿದ್ದು.”

“ಹೋಗ್ಬಂದಾಯ್ತಲ್ಲ, ಇನ್ನೇನು ಭಯ?”

“ಆಕಿ ಪಾಸ್‌ವರ್ಡ್ ಆಕೀದು. ಗಂಡಗೂ ಹೇಳಬಾರದು ಅಂತ ನಾ ಎಲ್ಲಾ ಕಡೆ ಪಾಠ ಮಾಡ್ತೀನ್ರೀ.”

“ನಾನೇನು ಗಂಡನಾ? ಮಾವ!”

ಒಳಬಾಗಿಲ ಪರದೆಯ ಹಿಂದೆ ಕಾಲ್ಗೆಜ್ಜೆಯ ಸದ್ದು ತಟ್ಟನೆ ನಿಂತದ್ದು ವಿಜಯಲಕ್ಷ್ಮಿಗೆ ಮಾತ್ರ ಕೇಳಿಸಿತು. ಆ ಪಾಸ್‌ವರ್ಡ್ ಅವಳಿಗೆ ಗೊತ್ತಿತ್ತು. ಜ್ಯೋತ್ಸ್ನಾ ಮೆಹಂದಿ ಹಚ್ಚಿಕೊಂಡು ಕೂತಿದ್ದಾಗ, ‘ಅಕ್ಕ, ನಾನು ಹೇಳ್ತೀನಿ, ನೀವೇ ಒತ್ತಿ’ ಎಂದು ಅವಳ ಕೈಯಿಂದಲೇ ಒತ್ತಿಸಿದ್ದಳು. ಒಳಗಿದ್ದದ್ದು ಪ್ರೇಮಪತ್ರವಲ್ಲ. ಮದುವೆಯಿಂದ ನಿಂತ ಎಂಎಸ್‌ಸಿಯನ್ನು ಮುಗಿಸಲು ಹಳೆಯ ಮೇಡಂ ಜೊತೆ ನಡೆಸಿದ್ದ ಮಾತುಕತೆ. ಈ ಮನೆಯಲ್ಲಿ ಅದು ಪ್ರೇಮಪತ್ರಕ್ಕಿಂತ ದೊಡ್ಡ ಅಪರಾಧ. ಒಂದೇ ಒಂದು ಶಬ್ದ ಬಾಯಿಬಿಟ್ಟರೆ ಕಿಟಕಿ ತನ್ನದಾಗಿಯೇ ಉಳಿಯುತ್ತದೆ.

“ನೀನಾದ್ರೂ ಹೇಳಮ್ಮಾ,” ಕರಿಬಸವಯ್ಯನವರು ಅವಳತ್ತ ತಿರುಗಿದರು.

“ಕಾಫಿಗೆ ಇನ್ನೊಂದೀಟು ಸಕ್ರಿ ಬೇಕೇನ್ರೀ ಅಂಕಲ್?” ಎಂದಳು ವಿಜಯಲಕ್ಷ್ಮಿ.

ಕರಿಬಸವಯ್ಯನವರ ಮುಖ ಬಿಗಿಯಿತು. “ಸರಿ. ಜೈಲಿಗೆ ಹೋಗಿದ್ದು ತಪ್ಪು ಅಂತ ನಾನು ಒಂದು ಮಾತು ಅಂದ್ನಾ? ಸುಳ್ಳು ಹೇಳಿದ್ರಿ, ಅದನ್ನೂ ಕೇಳ್ಲಿಲ್ಲ. ಆದ್ರೆ ಓನರಿಗೆ ಒಂದು ಉಪಕಾರ ಮಾಡ್ದೆ ಇರೋರು ನಮಗೆ ಬೇಡ. ಈ ತಿಂಗಳಿಗೆ ಖಾಲಿ ಮಾಡಿ.”

ಮೇಲೆ ಬಂದು ಶಾಲು ಮಡಿಸಿಟ್ಟು ಸಿದ್ದಾರೂಢ ನಗತೊಡಗಿದ. “ಕಳ್ಳ ಅಂತ ಎರಡು ಮನಿ ಬಿಡಿಸಿದ್ರು. ಕಳ್ಳತನ ಮಾಡಂಗಿಲ್ಲ ಅಂದಿದ್ದಕ್ಕ ಇದು ಮೂರನೇದು. ಅಲ್ಲ ವಿಜಿ, ಪ್ರೋಗ್ರಾಮ್ ಹ್ಯಾಂಗಿತ್ತು? ಕಡೀಕ ನಾ ಹೇಳಿದ್ದು ಕೇಳಿದೇನು? ಎಂಥಾ ಬೀಗ ಹಾಕ್ರಿ, ಗುಟ್ಟು ಹೊರಗ ಬರೂದು ಮಷೀನಿನಿಂದ ಅಲ್ಲ, ಮನುಷ್ಯಾರ ಬಾಯಿಂದ. ಅದಕ್ಕ ಇನ್ನೂ ಯಾರೂ ಔಷಧ ಕಂಡ್‌ಹಿಡಿದಿಲ್ಲ.”

“ಹೌದೇನ್ರೀ?” ಎಂದಳು ಅವಳು.

ಕೆಳಗೆ ಜ್ಯೋತ್ಸ್ನಾಳ ಕೋಣೆಯ ದೀಪ ಹತ್ತಿ, ತುಸು ಹೊತ್ತು ಉರಿದು, ಆರಿತು. ಮನೆ ಹೋದರೆ ಹೋಗಲಿ. ಆ ಪಾಸ್‌ವರ್ಡ್ ತನಗೆ ಗೊತ್ತೆಂಬುದನ್ನು ಓನರಿಗಷ್ಟೇ ಅಲ್ಲ, ಈ ಪಂಡಿತನಿಗೂ ಎಂದೆಂದಿಗೂ ಹೇಳುವುದಿಲ್ಲವೆಂದು ವಿಜಯಲಕ್ಷ್ಮಿ ನಿಶ್ಚಯಿಸಿದಳು.

“ಏನ್ ವಿಚಾರ ಮಾಡಾಕತ್ತಿ?” ಎಂದ ಸಿದ್ದಾರೂಢ.

“ಏನಿಲ್ರೀ,” ಎಂದು ಅವಳು ಹಣ್ಣಿನ ಬುಟ್ಟಿ ಬಿಚ್ಚತೊಡಗಿದಳು.