ಒಂಟಿಗಂಬದ ಗುಡಾರಕ್ಕೆ ಹತ್ತು ನಿಮಿಷ ದಯಪಾಲಿಸಿದವರಿಗೆ

ದೊಡ್ಡಾಸ್ಪತ್ರೆಯ ಆಡಳಿತಾಧಿಕಾರಿಗಳಾದ ಮಾನ್ಯರೇ,

ತಾವೂ ತಮ್ಮ ತಿರುಗುವ ಕುರ್ಚಿಯೂ ಕ್ಷೇಮವೆಂದು ನಂಬಿ, ಗೇಟಿನ ಹೊರಗಿನ ಹನ್ನೊಂದು ಹೆಂಗಸರು ಎದ್ದು ನಿಂತು ಸಲ್ಲಿಸುವ ನಮಸ್ಕಾರಗಳು. ಎದ್ದು ನಿಂತಿರುವುದು ಗೌರವಕ್ಕೆ ಮಾತ್ರವಲ್ಲ. ನಿನ್ನೆ ತಾವು ನಮ್ಮ ಗುಡಾರದ ಅನುಮತಿ ರದ್ದು ಮಾಡಿದ್ದರಿಂದ ಕೂರಲು ನೆರಳಿಲ್ಲ.

ತಮ್ಮ ಔದಾರ್ಯ ನಾಲ್ಕು ಜನಕ್ಕೆ ತಿಳಿಯಲೆಂದೇ ಈ ಪತ್ರ. ಆಸ್ಪತ್ರೆಯ ಲಾಂಡ್ರಿಯನ್ನು ಕಂಟ್ರಾಕ್ಟರಿಗೆ ಒಪ್ಪಿಸಿ, ಹದಿನಾರು ವರ್ಷ ರಕ್ತ, ಕೀವು, ವಾಂತಿ ಒಗೆದ ನಮ್ಮನ್ನು ಒಂದು ಚೀಟಿಯಲ್ಲಿ ಹೊರಗೆ ಹಾಕಿದ ತಾವು, ನಾವು ಗೇಟಿನ ಮುಂದೆ ಧರಣಿ ಕೂತಾಗ ಒದ್ದೋಡಿಸಲಿಲ್ಲ. ಮೂವತ್ತನೇ ದಿನ ಕರೆದು ನಿಮ್ಮ ಅಹವಾಲು ಕೇಳುತ್ತೇನೆ, ಅಲ್ಲಿಯತನಕ ಗುಡಾರ ಹಾಕಿಕೊಳ್ಳಿ ಎಂದಿರಿ. ಷರತ್ತುಗಳಾದರೂ ಎಂಥ ಸೊಗಸು! ಗುಡಾರಕ್ಕೆ ತಳ ಇರಕೂಡದು, ನೆಲಕ್ಕೆ ಬಟ್ಟೆ ಹಾಸಿದರೆ ಅತಿಕ್ರಮಣ. ನಡುವೆ ಒಂದೇ ಕಂಬ, ಎರಡಾದರೆ ಅದು ಕಟ್ಟಡ. ಸಂಜೆ ಬಿಚ್ಚಬೇಕು; ಬೆಳಗ್ಗೆ ಒಂಬತ್ತಕ್ಕೆ ವಾಚ್‌ಮನ್ ಸೀಟಿ ಊದಿದ ಹತ್ತು ನಿಮಿಷದೊಳಗೆ, ಹಳದಿ ಗೆರೆಯ ಚೌಕದಿಂದ ಒಂದು ಬೆರಳೂ ಆಚೆ ಹೋಗದಂತೆ ಮತ್ತೆ ನಿಲ್ಲಿಸಬೇಕು. ಒಂದು ದಿನ ತಪ್ಪಿದರೂ ಅನುಮತಿ ಹೋಯಿತು, ಅಹವಾಲೂ ಹೋಯಿತು.

ಮೊದಲ ದಿನ ನಾವು ದಡ್ಡಿಯರು, ಕಂಬವನ್ನೇ ಮೊದಲು ನಿಲ್ಲಿಸಿದೆವು. ನಮ್ಮಲ್ಲಿ ಹಿರಿಯಳಾದ ದೊಡ್ಡಕ್ಕ ಕಂಬ ತಬ್ಬಿಕೊಂಡು ಎಳೀರೇ ಎಂದಳು, ನಾಲ್ಕು ಜನ ನಾಲ್ಕು ದಿಕ್ಕಿಗೆ ಎಳೆದೆವು, ಗುಡಾರ ಮರಿಗಳ ಮೇಲೆ ಕೋಳಿ ಕೂತ ಹಾಗೆ ಅವಳ ಮೇಲೆ ಕೂತಿತು. ಒಳಗಿಂದ, ನಾನಿನ್ನೂ ಬದುಕಿದ್ದೀನಿ ಕಣ್ರೇ, ಧಿಕ್ಕಾರ ಆಮೇಲೆ ಕೂಗಿ ಎಂಬ ದನಿ ಬಂತು. ಹತ್ತು ನಿಮಿಷಕ್ಕೆ ಹತ್ತು ಸೆಕೆಂಡು ಉಳಿದಿರುವಾಗ ಹೇಗೋ ಬಚಾವಾದೆವು.

ಆಮೇಲೆ ದೊಡ್ಡಕ್ಕ ಮಾಡಿದ ಮಂಗಳಾರತಿ ತಾವು ಕೇಳಬೇಕಿತ್ತು. ದಿನಕ್ಕೆ ನಾನೂರು ಬೆಡ್‌ಶೀಟು ಮಡಚಿದ ಕೈಗಳೇನ್ರೇ ಇವು, ಕಂಬ ಬಿಡಿ, ಮೊದಲು ಮೂಲೆ ಹಿಡೀರಿ ಎಂದಳು. ಬೆಡ್‌ಶೀಟು ಮಡಚುವಾಗ ಎದುರುಬದುರು ಮೂಲೆ ಹಿಡಿದು ಎಳೆದು ನೋಡುತ್ತೇವೆ; ಮೂಲೆಯಿಂದ ಎದುರು ಮೂಲೆಗೆ ಹೋಗುವ ಎರಡೂ ಓರೆಗಳು ಸಮ ಬಂದರೆ ಬಟ್ಟೆ ಚೌಕ, ಇಲ್ಲವಾದರೆ ಸೊಟ್ಟ. ಗುಡಾರಕ್ಕೂ ಅದೇ ಲೆಕ್ಕ. ಬಟ್ಟೆಯನ್ನು ನೆಲದ ಮೇಲೆ ಹರವಿ, ಗಂಟು ಹಾಕಿದ ಹಗ್ಗದಿಂದ ಓರೆ ಅಳೆದು, ನಾಲ್ಕು ಗೂಟಗಳನ್ನು ಹೊರಕ್ಕೆ ವಾಲಿಸಿ ಹೊಡೆದ ಮೇಲೆ, ನಮ್ಮಲ್ಲಿ ಎಲ್ಲರಿಗಿಂತ ಕುಳ್ಳಿಯಾದ ಗುಬ್ಬಿ ಕಂಬ ಹಿಡಿದು ಒಳಗೆ ನುಸುಳುತ್ತಾಳೆ, ಗುಡಾರದ ನೆತ್ತಿಗೆ ಹೊಲಿದ ಬಳೆಗೆ ಕಂಬದ ತುದಿ ಸಿಕ್ಕಿಸಿ ಬುಡವನ್ನು ನಡುವಿಗೆ ದೂಡುತ್ತಾಳೆ, ಗುಡಾರ ತಾನಾಗಿ ಎದ್ದು ನಿಲ್ಲುತ್ತದೆ. ಹನ್ನೆರಡನೇ ದಿನಕ್ಕೆ ನಾಲ್ಕೇ ನಿಮಿಷ! ಕಂಬ ನಿಲ್ಲುವುದು ಕಂಬದ ಹೆಚ್ಚುಗಾರಿಕೆಯಿಂದಲ್ಲ, ಮೂಲೆ ಹಿಡಿದವರಿಂದ. ಮೂಲೆಯವರನ್ನು ಕಿತ್ತೆಸೆದು ಕಂಬ ನೆಡಲು ಹೊರಟ ತಮಗೆ ಈ ವಿದ್ಯೆಯನ್ನು ಉಚಿತವಾಗಿ ಕಲಿಸಲು ಸಿದ್ಧರಿದ್ದೇವೆ.

ನಮ್ಮ ಪ್ರಗತಿ ಕಂಡು ಸಂತಸಪಟ್ಟು ತಾವು ಹತ್ತು ನಿಮಿಷವನ್ನು ಐದಕ್ಕಿಳಿಸಿದಿರಿ, ಟೇಪು ಕೊಟ್ಟು ಗುಮಾಸ್ತರನ್ನು ಕಳಿಸಿದಿರಿ. ಒಂದು ಬೆರಳೂ ಆಚೀಚೆ ಇಲ್ಲ ಸಾರ್ ಎಂದು ಅವರು ಸಾವಿನ ಸುದ್ದಿ ಹೇಳುವವರಂತೆ ಫೋನಿನಲ್ಲಿ ಒಪ್ಪಿಸಿದರು. ಮಳೆ ಬಂದ ದಿನ ನೀರು ಯಾವ ಅನುಮತಿಯೂ ಇಲ್ಲದೆ ನಮ್ಮ ತಳವಿಲ್ಲದ ಗುಡಾರದೊಳಕ್ಕೆ ನುಗ್ಗಿ ನೆಲ ಆಕ್ರಮಿಸಿತು. ದಯಮಾಡಿ ಮಳೆಯ ಮೇಲೊಂದು ನೋಟಿಸು ಹೊರಡಿಸಿ, ಗಾಳಿ ಮೂರು ಪ್ರತಿಯಲ್ಲಿ ಅರ್ಜಿ ಹಾಕಿ ಬೀಸುವಂತೆ ಅಪ್ಪಣೆ ಮಾಡಿ.

ಈಗ ಮೊನ್ನೆಯ, ಅಂದರೆ ಇಪ್ಪತ್ತೇಳನೇ ದಿನದ ವಿಚಾರ. ಜ್ವರದವರು ವಾರ್ಡು ತುಂಬಿ ಹೊರಚೆಲ್ಲಿದರು, ಅಂಗಳದಲ್ಲಿ ಆರು ಗುಡಾರ ಹಾಕಬೇಕಾಯಿತು. ತಮ್ಮ ಕಂಟ್ರಾಕ್ಟರಿನ ಆಳುಗಳು ಆರಕ್ಕೂ ಕಂಬವನ್ನೇ ಮೊದಲು ನಿಲ್ಲಿಸಿದರು, ಆರೂ ಮಲಗಿದವು. ಅದೇ ಗುಮಾಸ್ತರು ಟೇಪು ಬಿಟ್ಟು ಓಡಿ ಬಂದು, ಅಕ್ಕಾ, ಸ್ವಲ್ಪ ಬನ್ರಕ್ಕಾ ಎಂದರು. ಒಂಬತ್ತಕ್ಕೆ ಐದು ನಿಮಿಷ ಇತ್ತು. ನಾಲ್ಕು ಜನವಾದರೂ ಇಲ್ಲೇ ಇರೋಣ, ನಮ್ಮ ಗುಡಾರ ತಪ್ಪುತ್ತದೆ ಎಂದು ಗುಬ್ಬಿ ಗೋಗರೆದಳು. ದೊಡ್ಡಕ್ಕ ಬಿಸಿಲಲ್ಲಿ ಬಿದ್ದಿದ್ದ ಸ್ಟ್ರೆಚರುಗಳ ಸಾಲು ತೋರಿಸಿ, ಜ್ವರ ನಿನ್ನ ಸೀಟಿಗೆ ಕಾಯುತ್ತದೇನೇ ಎಂದು ಹನ್ನೊಂದೂ ಜನರನ್ನು ಎಬ್ಬಿಸಿದಳು. ಅರ್ಧ ಗಂಟೆಯಲ್ಲಿ ಆರೂ ಗುಡಾರ ನಿಂತವು, ರೋಗಿಗಳು ನೆರಳಿಗೆ ಬಂದರು. ಅಷ್ಟರಲ್ಲಿ ಸೀಟಿ ಊದಿಯಾಗಿತ್ತು. ಹಳದಿ ಚೌಕ ಖಾಲಿ ಇತ್ತು.

ಷರತ್ತು ಉಲ್ಲಂಘನೆ ಎಂದು ತಾವು ನಿನ್ನೆ ಬರೆದಿರಿ. ಎಂಥ ನ್ಯಾಯ, ಎಂಥ ನಿಷ್ಠುರ! ತಮ್ಮ ರೋಗಿಗಳಿಗೆ ನೆರಳು ಕೊಟ್ಟ ತಪ್ಪಿಗೆ ನಮ್ಮ ನೆರಳು ಕಿತ್ತುಕೊಂಡ ತಮ್ಮ ಕೈಚಳಕ ಕಂಡು ನಾವು ಬೆರಗಾಗಿದ್ದೇವೆ.

ಹೊರಗೆ ಹಾಕಿದರೂ ಹೊರಟುಹೋಗದ,
ತಮ್ಮ ವಿಶ್ವಾಸಿ,
ಲಾಂಡ್ರಿಯ ಹನ್ನೊಂದು ಮಂದಿಯ ಪರವಾಗಿ, ಪತ್ರ ಬರೆಯುವ ಸರದಿ ಬಂದವಳು

ತಾ.ಕ.: ನಾಳೆ ಮೂವತ್ತನೇ ದಿನ. ತಾವು ಕರೆಯದಿದ್ದರೂ ಹತ್ತು ಗಂಟೆಗೆ ತಮ್ಮ ಕೋಣೆಗೆ ಬರುತ್ತೇವೆ. ಆರು ಗುಡಾರಗಳ ರೋಗಿಗಳ ತಾಯಂದಿರೂ ಅಣ್ಣತಮ್ಮಂದಿರೂ ನಾವೂ ಬರ್ತೀವಿ ಎಂದು ಹಟ ಹಿಡಿದಿದ್ದಾರೆ. ತಮ್ಮ ಕಂಟ್ರಾಕ್ಟರು ಒಗೆದಿದ್ದೇವೆಂದು ಕೊಟ್ಟ ಬೆಡ್‌ಶೀಟನ್ನು ಒಬ್ಬೊಬ್ಬರೂ ಒಂದೊಂದು ತರುತ್ತಾರೆ. ಮೂಲೆಗೆ ಮೂಲೆ ಹಿಡಿದು ತಮ್ಮ ಮೇಜಿನ ಮೇಲೆ ಹಾಸುತ್ತೇವೆ. ಕಿಟಕಿ ತೆಗೆದಿಟ್ಟುಕೊಳ್ಳಿ, ವಾಸನೆಗೆ ಅನುಮತಿ ಕೇಳಿ ಅಭ್ಯಾಸವಿಲ್ಲ.